ಎಚ್-4 ವೀಸಾ: ಸಂಬಳ ಬೇಡ ಅಂದರೆ ಎಲ್ಲಿ ಬೇಕಾದರೂ ಕೆಲಸ ಮಾಡಬಹುದಾ?

ಪ್ರಶ್ನೆ: ನಾನು ದಾವಣಗೆರೆಯವಳು. ಎಂ.ಕಾಂ. ಮುಗಿಸಿ ಅಲ್ಲೇ ಒಬ್ಬ ಆಡಿಟರ್ ಆಫೀಸಿನಲ್ಲಿ ಆರು ವರ್ಷ ಕೆಲಸ ಮಾಡಿದ್ದೇನೆ. ಟ್ಯಾಲಿ, ಜಿಎಸ್‌ಟಿ, ಟಿಡಿಎಸ್ ಎಲ್ಲ ನಾನೇ ನೋಡಿಕೊಳ್ಳುತ್ತಿದ್ದೆ. ಈಗ ಯಜಮಾನರ ಜೊತೆ ಟೆಕ್ಸಾಸ್‌ನ ಪ್ಲೇನೋದಲ್ಲಿ ಇದ್ದೇನೆ. ಅವರದು ಕಂಪನಿ ಮಾಡಿಸಿದ ಕೆಲಸದ ವೀಸಾ, ಎಚ್-1ಬಿ, ಮೂರನೇ ವರ್ಷ ನಡೆಯುತ್ತಿದೆ. ನನ್ನದು ಅವರ ಹೆಂಡತಿಯಾಗಿ ಬಂದ ಎಚ್-4. ಗ್ರೀನ್ ಕಾರ್ಡ್ ಕೆಲಸ ಕಂಪನಿಯವರು ಇನ್ನೂ ಶುರು ಮಾಡಿಲ್ಲ. ಮಗಳು ಸ್ಕೂಲಿಗೆ ಹೋಗಲು ಶುರು ಮಾಡಿದ ಮೇಲೆ ಮನೆಯಲ್ಲಿ ಒಬ್ಬಳೇ. ಯಜಮಾನರ ಸ್ನೇಹಿತರೊಬ್ಬರ ಸಣ್ಣ ಐಟಿ ಕಂಪನಿ ಇದೆ. "ನಮ್ಮ ಲೆಕ್ಕ ನೋಡಿಕೊಳ್ಳಿ, ಸಂಬಳ ಕೊಡಲ್ಲ, ಹಾಗಾಗಿ ತೊಂದರೆ ಇಲ್ಲ, ಕೆಲಸದ ಅನುಮತಿ ಕಾರ್ಡ್ ಬಂದ ಮೇಲೆ ಎಲ್ಲ ಸೇರಿಸಿ ಕೊಡ್ತೀನಿ" ಅನ್ನುತ್ತಾರೆ. ಎರಡು ವಾರಾಂತ್ಯ ಅವರ ಇನ್‌ವಾಯ್ಸ್‌ಗಳನ್ನು ಸರಿಮಾಡಿಕೊಟ್ಟೆ. ದಾವಣಗೆರೆಯ ನಮ್ಮ ಸರ್ ರಾತ್ರಿ ಎರಡು ಗಂಟೆ ಕೆಲಸ ಮಾಡು, ದುಡ್ಡು ನಿನ್ನ ಊರಿನ ಅಕೌಂಟಿಗೆ ಹಾಕ್ತೀನಿ ಅಂತಾರೆ. ಇಲ್ಲಿನ ಒಬ್ಬರು ಮನೆಯಲ್ಲೇ ಚಪಾತಿ, ಹೋಳಿಗೆ ಮಾಡಿ ಕ್ಯಾಶ್‌ಗೆ ಮಾರುತ್ತಾರೆ, ನೀವೂ ಸೇರಿಕೊಳ್ಳಿ ಅಂದರು. ಪಕ್ಕದ ಮನೆಯವರಂತೂ ಯಾವ ಕಾರ್ಡೂ ಇಲ್ಲದೆ ಆಫೀಸಿಗೆ ಹೋಗುತ್ತಾರೆ, ಅವರ ಗಂಡನೂ ಕಂಪನಿ ವೀಸಾದಲ್ಲೇ ಬಂದವರು. ಯಾರ ಮಾತು ನಂಬಲಿ? ಸುಮ್ನೆ ಕೂತು ಕಲಿತದ್ದೆಲ್ಲ ಮರೆತುಹೋಗುತ್ತದೇನೋ ಅನ್ನುವ ಭಯ ಜಾಸ್ತಿಯಾಗಿದೆ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳಿವೆ. ಒಂದು, ಯಾವುದು ಕಾನೂನಿಗೆ ಸರಿ ಅನ್ನುವುದು. ಇನ್ನೊಂದು, ಆರು ವರ್ಷ ಬೆಳೆಸಿಕೊಂಡ ಕಸುಬು ಕೈಜಾರುತ್ತಿದೆ ಅನ್ನುವುದು. ನಾನು ಅಮೆರಿಕಕ್ಕೆ ಬಂದ ಕುಟುಂಬಗಳಿಗೆ ಉದ್ಯೋಗದ ಬಗ್ಗೆ ಸಲಹೆ ಕೊಡುವವಳು, ವಕೀಲೆ ಅಲ್ಲ. ಆದರೆ ಈ ಪ್ರಶ್ನೆ ನನ್ನ ಮುಂದೆ ಬಾರದ ತಿಂಗಳಿಲ್ಲ. ಎರಡನೆಯ ಚಿಂತೆಯ ಒತ್ತಡದಲ್ಲಿ ಮೊದಲನೆಯದರಲ್ಲಿ ಎಡವುವವರನ್ನೇ ನಾನು ಹೆಚ್ಚು ನೋಡಿದ್ದೇನೆ. ಹಾಗಾಗಿ ಮೊದಲು ಕಾನೂನಿನ ಮಾತು.

"ಸಂಬಳ ಇಲ್ಲ ಅಂದರೆ ಅದು ಕೆಲಸವೇ ಅಲ್ಲ" ಅನ್ನುವುದು ನಮ್ಮವರ ನಡುವೆ ಬಹಳ ಓಡಾಡುವ ಮಾತು. ಅದು ತಪ್ಪು. ದುಡ್ಡು ಕೈಗೆ ಬಂತಾ ಇಲ್ಲವಾ ಅನ್ನುವುದು ಇಲ್ಲಿ ಮುಖ್ಯ ಪ್ರಶ್ನೆಯಲ್ಲ. ಈ ಕೆಲಸವನ್ನು ಬೇರೆ ಯಾರಾದರೂ ಮಾಡಿದ್ದರೆ ಅವರಿಗೆ ಸಂಬಳ ಕೊಡಬೇಕಾಗುತ್ತಿತ್ತಾ ಅಂತ ಕೇಳಿಕೊಳ್ಳಿ. ಕೊಡಬೇಕಾಗುತ್ತಿತ್ತು ಅಂದರೆ ನೀವು ಪುಕ್ಕಟೆ ಮಾಡಿದರೂ ಅದು ಉದ್ಯೋಗವೇ. 1938ರ ಕಾರ್ಮಿಕ ಕಾನೂನಿನ ಪ್ರಕಾರ ಇಲ್ಲಿ ಲಾಭಕ್ಕಾಗಿ ನಡೆಯುವ ಖಾಸಗಿ ಕಂಪನಿಗೆ ಯಾರೂ ಸ್ವಯಂಸೇವಕರಾಗಿ ದುಡಿಯುವಂತಿಲ್ಲ. ಅಮೆರಿಕದ ಪ್ರಜೆಗೂ ಇದೇ ನಿಯಮ. ಸ್ವಯಂಸೇವೆಗೆ ಜಾಗ ಇರುವುದು ಧರ್ಮಾರ್ಥ ಸಂಸ್ಥೆ, ದೇವಸ್ಥಾನ, ಚರ್ಚು, ಸ್ಕೂಲು, ಲೈಬ್ರರಿ, ಸರ್ಕಾರಿ ಸೇವೆ ಇಂಥ ಕಡೆ ಮಾತ್ರ. ಅಲ್ಲೂ ಸಂಬಳದ ನೌಕರರ ಜಾಗದಲ್ಲಿ ನಿಮ್ಮನ್ನು ಕೂರಿಸುವಂತಿಲ್ಲ.

ಈಗ ನಿಮ್ಮ ಯಜಮಾನರ ಸ್ನೇಹಿತರ ಮಾತನ್ನು ಇದರ ಪಕ್ಕ ಇಟ್ಟು ನೋಡಿ. ಅವರದು ಲಾಭದ ಕಂಪನಿ. ಲೆಕ್ಕ ಬರೆಯುವುದು ಸಂಬಳದ ಕೆಲಸ. ಮೇಲಾಗಿ "ಕಾರ್ಡ್ ಬಂದ ಮೇಲೆ ಸೇರಿಸಿ ಕೊಡ್ತೀನಿ" ಅಂದಿದ್ದಾರೆ. ಅಲ್ಲಿಗೆ ಅದು ತಡವಾಗಿ ಬರುವ ಸಂಬಳ ಆಯಿತು. ಸಂಬಳದ ಬದಲು ಬಾಡಿಗೆ ಕಟ್ಟುತ್ತೇನೆ, ಗಿಫ್ಟ್ ಕಾರ್ಡ್ ಕೊಡುತ್ತೇನೆ, ಶೇರು ಬರೆದುಕೊಡುತ್ತೇನೆ ಅಂದರೂ ವ್ಯತ್ಯಾಸ ಇಲ್ಲ. ಅವರಿಗೂ ಇದು ಅಪಾಯವೇ. ಕೆಲಸದ ಅನುಮತಿ ಇದೆಯಾ ಅಂತ ಕಾಗದ ನೋಡದೆ ಯಾರನ್ನೂ ಕೆಲಸಕ್ಕೆ ಇಟ್ಟುಕೊಳ್ಳಬಾರದು ಅನ್ನುವ ಕಾನೂನು 1986ರಿಂದಲೇ ಇದೆ. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಾರೆ ಅಂತ ನಾನು ಹೇಳುವುದಿಲ್ಲ. ಊರಿನ ಕಡೆ ಸಂಬಂಧ, ಸ್ನೇಹದಲ್ಲಿ ಇಂಥ ಸಹಾಯ ಸಹಜ. ಆದರೆ ಆ ಸಹಾಯದ ಬೆಲೆ ತೆರುವವರು ನೀವು.

ಬೆಲೆ ಏನು ಅಂತ ಬಿಡಿಸಿ ಹೇಳುತ್ತೇನೆ. ಎಚ್-4ರಲ್ಲಿ ಅನುಮತಿ ಇಲ್ಲದೆ ಕೆಲಸ ಮಾಡಿದರೆ ವೀಸಾದ ಷರತ್ತು ಮುರಿದ ಹಾಗೆ. ನಾಳೆಯೇ ಯಾರೂ ಬಾಗಿಲು ತಟ್ಟುವುದಿಲ್ಲ, ಅದಕ್ಕೇ ಜನ ಧೈರ್ಯ ಮಾಡುತ್ತಾರೆ. ತೊಂದರೆ ಬರುವುದು ವರ್ಷಗಳ ನಂತರ, ಗ್ರೀನ್ ಕಾರ್ಡಿನ ಕೊನೆ ಹಂತದ ಐ-485 ಅರ್ಜಿ ತುಂಬುವಾಗ. ಅನುಮತಿ ಇಲ್ಲದೆ ಯಾವಾಗಲಾದರೂ ಅಮೆರಿಕದಲ್ಲಿ ಕೆಲಸ ಮಾಡಿದ್ದೀರಾ ಅಂತ ಅದರಲ್ಲಿ ನೇರವಾಗಿ ಕೇಳುತ್ತಾರೆ. ಸುಳ್ಳು ಬರೆದರೆ ಅದು ಕೆಲಸ ಮಾಡಿದ್ದಕ್ಕಿಂತ ದೊಡ್ಡ ತಪ್ಪು. ಉದ್ಯೋಗದ ಮೂಲಕ ಬರುವ ಗ್ರೀನ್ ಕಾರ್ಡಿಗೆ ಒಂದು ರಿಯಾಯಿತಿ ಇದೆ ನಿಜ: ಕೊನೆಯ ಸಲ ಕಾನೂನು ಪ್ರಕಾರ ದೇಶದೊಳಗೆ ಬಂದ ಮೇಲೆ ಇಂಥ ತಪ್ಪುಗಳೆಲ್ಲ ಸೇರಿ 180 ದಿನ ಮೀರದಿದ್ದರೆ ಅರ್ಜಿ ಬಿದ್ದುಹೋಗುವುದಿಲ್ಲ. ಆದರೆ ಇಲ್ಲಿ ಲೆಕ್ಕ ಗಂಟೆಯಲ್ಲಲ್ಲ, ದಿನದಲ್ಲಿ. ದಿನಕ್ಕೆ ಒಂದು ಗಂಟೆ ಮಾಡಿದರೂ ಒಂದು ದಿನ ಹೋಯಿತು. ಮೇಲಾಗಿ ಆ ರಿಯಾಯಿತಿ ಎಚ್-4 ವಿಸ್ತರಣೆಗಾಗಲಿ, ಬೇರೆ ವೀಸಾಗೆ ಬದಲಾಯಿಸಿಕೊಳ್ಳುವುದಕ್ಕಾಗಲಿ ಸಿಗುವುದಿಲ್ಲ.

ಚಪಾತಿ, ಹೋಳಿಗೆ, ಮಕ್ಕಳನ್ನು ನೋಡಿಕೊಳ್ಳುವುದು, ಮೆಹೆಂದಿ, ಟ್ಯೂಷನ್, ಎಲ್ಲಕ್ಕೂ ಇದೇ ಮಾತು. ಕ್ಯಾಶ್ ಆದರೆ ಗೊತ್ತಾಗುವುದಿಲ್ಲ ಅನ್ನುವುದು ಸಿಕ್ಕಿಬೀಳುವ ಬಗೆಗಿನ ಮಾತು, ಸರಿತಪ್ಪಿನ ಮಾತಲ್ಲ. ಅಡುಗೆಯ ವಿಡಿಯೋ ಮಾಡಿ ಹಾಕುವುದು ಹವ್ಯಾಸ. ಅದಕ್ಕೆ ಜಾಹೀರಾತಿನ ದುಡ್ಡು ಬರುವ ಹಾಗೆ ಮಾಡಿದಿರೋ, ಅದನ್ನೂ ಕೆಲಸ ಅಂತಲೇ ನೋಡುವ ಸಾಧ್ಯತೆ ಜಾಸ್ತಿ. ಊರಿನ ಮನೆ ಬಾಡಿಗೆ, ಎಫ್‌ಡಿ ಬಡ್ಡಿ, ಶೇರಿನ ಲಾಭ, ಇವು ದುಡಿಮೆಯಲ್ಲ. ಇವಕ್ಕೆ ಯಾವ ಅಡ್ಡಿಯೂ ಇಲ್ಲ.

ದಾವಣಗೆರೆಯ ಸರ್ ಹೇಳಿದ್ದು ಸ್ವಲ್ಪ ಜಟಿಲ. ಕಂಪನಿ ಭಾರತದ್ದು, ದುಡ್ಡು ಭಾರತದ್ದು, ಗಿರಾಕಿಗಳು ಭಾರತದವರು, ಇನ್ನು ಅಮೆರಿಕಕ್ಕೆ ಏನು ಸಂಬಂಧ ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಆದರೆ ಕೆಲಸ ನಡೆಯುವ ಜಾಗ ಯಾವುದು? ನೀವು ಲ್ಯಾಪ್‌ಟಾಪ್ ತೆರೆದು ಕೂರುವ ಪ್ಲೇನೋದ ಮನೆ. ವಿದೇಶಿ ಕಂಪನಿಗೆ ಇಲ್ಲಿಂದ ದುಡಿಯುವವರ ಬಗ್ಗೆಯೇ ಬಿಡಿಸಿ ಬರೆದ ನಿಯಮ ಇಲ್ಲ. ಅದಕ್ಕೇ ಈ ವಿಷಯದಲ್ಲಿ ಎರಡು ಮಾತು ಕೇಳಿಬರುತ್ತವೆ. ನಾನು ಬಲ್ಲ ವಲಸೆ ವಕೀಲರಲ್ಲಿ ಹೆಚ್ಚಿನವರು ಮಾಡಬೇಡಿ ಅನ್ನುತ್ತಾರೆ. ನನ್ನ ಸಲಹೆಯೂ ಅದೇ. ಲೆಕ್ಕಪತ್ರ ಬಲ್ಲ ನಿಮಗೆ ಇನ್ನೊಂದು ಕಾರಣ ಬೇಗ ಅರ್ಥವಾಗುತ್ತದೆ. ನೀವಿಬ್ಬರೂ ಇಲ್ಲಿ ಜಂಟಿಯಾಗಿ ರಿಟರ್ನ್ ಸಲ್ಲಿಸುತ್ತೀರಿ. ಅದರಲ್ಲಿ ಜಗತ್ತಿನ ಯಾವ ಮೂಲೆಯ ಆದಾಯವನ್ನೂ ತೋರಿಸಬೇಕು. ಆ ಸಂಬಳ ತೋರಿಸಿದರೆ ಕೆಲಸ ಮಾಡಿದ್ದಕ್ಕೆ ನೀವೇ ಕೊಟ್ಟ ದಾಖಲೆ. ತೋರಿಸದಿದ್ದರೆ ತೆರಿಗೆ ತಪ್ಪಿಸಿದ ಹಾಗೆ. ಎರಡೂ ಬೇಡ.

ಪಕ್ಕದ ಮನೆಯವರ ಗಂಡ ಎಲ್-1ರಲ್ಲಿ, ಅಂದರೆ ತಮ್ಮದೇ ಕಂಪನಿಯ ಭಾರತದ ಶಾಖೆಯಿಂದ ವರ್ಗವಾಗಿ ಬಂದಿರಬೇಕು. ಹಾಗಾದರೆ ಅವರದು ಎಲ್-2. 2021ರ ನವೆಂಬರ್‌ನಿಂದ ಎಲ್-2 ಸಂಗಾತಿಗೆ ವೀಸಾದ ಜೊತೆಯಲ್ಲೇ ಕೆಲಸದ ಅನುಮತಿ ಬರುತ್ತದೆ, ಪ್ರತ್ಯೇಕ ಕಾರ್ಡ್ ಬೇಕಿಲ್ಲ. ಇಂಗ್ಲೆಂಡಿಗೆ, ಜರ್ಮನಿಗೆ ಹೋದ ನಿಮ್ಮ ವಾರಗೆಯವರಿಗೂ ಗಂಡನ ಉದ್ಯೋಗದ ವೀಸಾದ ಮೇಲೆ ಕೆಲಸ ಮಾಡಲು ಸಾಮಾನ್ಯವಾಗಿ ಅಡ್ಡಿ ಇರುವುದಿಲ್ಲ. ಒಬ್ಬರ ಅನುಭವ ಇನ್ನೊಬ್ಬರಿಗೆ ಹೊಂದದಿರುವುದು ಇದಕ್ಕೇ. ಯಾರಾದರೂ ಸಲಹೆ ಕೊಟ್ಟರೆ ಮೊದಲು ಅವರ ವೀಸಾ ಯಾವುದು ಅಂತ ಕೇಳಿ.

ಎಚ್-4ಗೂ ಕೆಲಸದ ಅನುಮತಿ ಕಾರ್ಡ್ ಸಿಗುತ್ತದೆ. 2015ರ ಮೇ 26ರಿಂದ ಆ ನಿಯಮ ಜಾರಿಯಲ್ಲಿದೆ. ಅದನ್ನು ತೆಗೆದುಹಾಕಬೇಕು ಅಂತ ವರ್ಷಗಟ್ಟಲೆ ಮೊಕದ್ದಮೆ ನಡೆಯಿತು. 2024ರಲ್ಲಿ ಮೇಲ್ಮನವಿ ನ್ಯಾಯಾಲಯ ನಿಯಮವನ್ನು ಎತ್ತಿಹಿಡಿಯಿತು. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಕೇಸನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಹಾಗಾಗಿ ದಾರಿ ತೆರೆದಿದೆ. ಆದರೆ ನಿಮ್ಮ ಯಜಮಾನರ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಐ-140 ಅರ್ಜಿ ಮಂಜೂರಾಗಿರಬೇಕು, ಇಲ್ಲವೇ ಗ್ರೀನ್ ಕಾರ್ಡ್ ಪ್ರಕ್ರಿಯೆ ನಡೆಯುತ್ತಿರುವ ಕಾರಣಕ್ಕೆ ಅವರ ಎಚ್-1ಬಿ ಆರು ವರ್ಷದ ಮಿತಿ ದಾಟಿ ವಿಸ್ತರಣೆ ಆಗಿರಬೇಕು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ನಿಮ್ಮ ಕೆಲಸಕ್ಕೆ ದೊಡ್ಡ ಬೀಗ ಇರುವುದು ನಿಮ್ಮ ರೆಸ್ಯೂಮೆಯಲ್ಲಲ್ಲ, ಯಜಮಾನರ ಕಂಪನಿಯ ಎಚ್‌ಆರ್ ವಿಭಾಗದಲ್ಲಿ. ಗ್ರೀನ್ ಕಾರ್ಡ್ ಅಂದಕೂಡಲೇ ಎಲ್ಲರೂ ಆ ಉದ್ದದ ಸಾಲನ್ನು ನೆನೆಸಿಕೊಂಡು, ಹೇಗೂ ಹತ್ತಾರು ವರ್ಷ ಆಗುತ್ತದೆ, ಈಗಲೇ ಏನು ಅವಸರ ಅಂತ ಕೂರುತ್ತಾರೆ. ಸಾಲು ಉದ್ದ ಇರುವುದು ನಿಜ. 2025ರಲ್ಲೂ ಭಾರತದವರ ವಿಭಾಗದಲ್ಲಿ 2013ರ ಸುಮಾರಿನ ಅರ್ಜಿಗಳೇ ನಡೆಯುತ್ತಿದ್ದವು. ಆದರೆ ನಿಮ್ಮ ಕಾರ್ಡಿಗೆ ಆ ಸಾಲು ಮುಗಿಯಬೇಕಿಲ್ಲ, ಐ-140 ಮಂಜೂರಾದರೆ ಸಾಕು. ಅದಕ್ಕೆ ಮೊದಲು ಪರ್ಮ್ ಅನ್ನುವ ಹಂತ ಇದೆ. ಈ ಕೆಲಸಕ್ಕೆ ಅರ್ಹ ಅಮೆರಿಕನ್ನರು ಸಿಗಲಿಲ್ಲ ಅಂತ ಕಂಪನಿ ಕಾರ್ಮಿಕ ಇಲಾಖೆಗೆ ತೋರಿಸಬೇಕು. ಸಂಬಳದ ಮಟ್ಟ ಗೊತ್ತುಮಾಡಿಸಿ, ಜಾಹೀರಾತು ಕೊಟ್ಟು, ಅರ್ಜಿ ಹಾಕಿ, ಅಲ್ಲಿಂದ ಉತ್ತರ ಬರುವ ಹೊತ್ತಿಗೆ ಎರಡು ವರ್ಷದ ಹತ್ತಿರ ಹಿಡಿಯುತ್ತದೆ. ಐ-140 ಹಂತ ಮಾತ್ರ ಬೇಗ: ಹೆಚ್ಚಿನ ಶುಲ್ಕ ಕಟ್ಟಿದರೆ ಸಾಮಾನ್ಯವಾಗಿ 15 ಕೆಲಸದ ದಿನಗಳಲ್ಲಿ ಉತ್ತರ ಬರುತ್ತದೆ.

ಯಜಮಾನರಿಗೆ ಈಗ ಮೂರನೇ ವರ್ಷ. ಆರನೇ ವರ್ಷ ಮುಗಿಯುವುದಕ್ಕೆ 365 ದಿನ ಮೊದಲು ಪರ್ಮ್ ಅರ್ಜಿ ಹೋಗಿರದಿದ್ದರೆ ಅವರ ವಿಸ್ತರಣೆಗೇ ಕಷ್ಟ ಬರಬಹುದು. ಹಾಗಾಗಿ ಈ ತಿಂಗಳೇ ಅವರು ಮ್ಯಾನೇಜರ್ ಹತ್ತಿರ ಕೇಳಬೇಕು: ಪರ್ಮ್ ಯಾವಾಗ ಶುರು ಮಾಡುತ್ತೀರಿ, ಅದಕ್ಕೆ ಕಂಪನಿಯ ನಿಯಮ ಏನು? ಕೇಳುವುದಕ್ಕೇ ಸಂಕೋಚ ಪಡುವ ಗಂಡಂದಿರು ಬಹಳ. ಕೇಳಿದರೆ ತಪ್ಪು ತಿಳಿಯುತ್ತಾರೇನೋ, ಲೇಆಫ್ ಸಮಯ ಬೇರೆ ಅಂತ. ನಿಮ್ಮ ಮನೆಯಲ್ಲಿ ಈ ಮಾತು ಇಬ್ಬರ ಕೆಲಸದ ಮಾತಾಗಿ ಬರಲಿ, ಅವರೊಬ್ಬರದ್ದಾಗಿ ಅಲ್ಲ.

ಅಲ್ಲಿಯವರೆಗೆ ಏನು ಮಾಡಬಹುದು? ನಿಮ್ಮ ಹಿನ್ನೆಲೆಯವರಿಗೆ ನಾನು ಮೊದಲು ಹೇಳುವ ಹೆಸರು ವೀಟಾ. ಕಡಿಮೆ ಆದಾಯದವರಿಗೆ, ಇಂಗ್ಲಿಷ್ ಸರಿಯಾಗಿ ಬಾರದವರಿಗೆ, ಅಂಗವಿಕಲರಿಗೆ ತೆರಿಗೆ ರಿಟರ್ನ್ ಉಚಿತವಾಗಿ ಮಾಡಿಕೊಡುವ ಕಾರ್ಯಕ್ರಮ ಅದು. ಇಲ್ಲಿನ ತೆರಿಗೆ ಇಲಾಖೆಯಾದ ಐಆರ್‌ಎಸ್ ಸ್ವಯಂಸೇವಕರ ಮೂಲಕ ನಡೆಸುತ್ತದೆ. ಕಾನೂನು ಪ್ರಕಾರ ಈ ದೇಶದಲ್ಲಿ ಇರುವವರು ಸೇರಬಹುದು, ಕಾರ್ಡ್ ಬೇಕಿಲ್ಲ. ತರಬೇತಿಯೂ ಉಚಿತ. ಮೊದಲು ನಡವಳಿಕೆಯ ನಿಯಮಗಳ ಮೇಲೆ ಒಂದು ಪರೀಕ್ಷೆ, ಆಮೇಲೆ ತೆರಿಗೆಯ ಮೇಲೆ ಬೇಸಿಕ್ ಇಲ್ಲವೇ ಅಡ್ವಾನ್ಸ್ಡ್ ಪರೀಕ್ಷೆ. ಪಾಸಾಗಲು ಶೇಕಡಾ 80 ಅಂಕ ಬೇಕು.

ಜನವರಿ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ ಲೈಬ್ರರಿ, ಚರ್ಚು, ಕಮ್ಯುನಿಟಿ ಸೆಂಟರ್‌ಗಳಲ್ಲಿ ಮೇಜು ಹಾಕಿಕೊಂಡು ಕೂರುತ್ತಾರೆ. ನಿಮ್ಮ ಆಫೀಸಿನ ಜುಲೈ ತಿಂಗಳ ಗಲಾಟೆ ನೆನಪಿದ್ದರೆ ಆ ವಾತಾವರಣ ಹೊಸದು ಅನ್ನಿಸುವುದಿಲ್ಲ. ಒಬ್ಬ ತಾಯಿ ಪ್ಲಾಸ್ಟಿಕ್ ಚೀಲದ ತುಂಬ ಕಾಗದ ತಂದು ನಿಮ್ಮ ಮುಂದೆ ಸುರಿಯುತ್ತಾರೆ. ಎರಡು ಕಡೆ ಕೆಲಸ ಮಾಡಿದ್ದಕ್ಕೆ ಎರಡು ಡಬ್ಲ್ಯು-2, ವಾರಾಂತ್ಯ ಊಬರ್ ಓಡಿಸಿದ್ದಕ್ಕೆ ಒಂದು 1099, ಮಗುವಿನ ಡೇಕೇರ್ ರಸೀದಿ. ನೀವು ಒಂದೊಂದಾಗಿ ಬಿಡಿಸಿ, ಪ್ರಶ್ನೆ ಕೇಳಿ, ರಿಟರ್ನ್ ತುಂಬುತ್ತೀರಿ. ಇನ್ನೊಬ್ಬ ಸ್ವಯಂಸೇವಕರು ಅದನ್ನು ಮತ್ತೆ ಪರಿಶೀಲಿಸಿದ ಮೇಲೆಯೇ ಅದು ಹೋಗುತ್ತದೆ. ಒಂದು ಸೀಸನ್ ಮುಗಿಯುವ ಹೊತ್ತಿಗೆ ಇಲ್ಲಿನ ತೆರಿಗೆಯ ಮಾತು ನಿಮ್ಮ ಬಾಯಲ್ಲಿ ಸಲೀಸಾಗಿ ಬರುತ್ತದೆ. ಗಿರಾಕಿಯ ಜೊತೆ ಅಮೆರಿಕನ್ ಇಂಗ್ಲಿಷಿನಲ್ಲಿ ಮಾತಾಡುವ ಅಳುಕು ಹೋಗುತ್ತದೆ. ಆ ಜಾಗದ ಮೇಲ್ವಿಚಾರಕರು ನಾಳೆ ನಿಮ್ಮ ಪರವಾಗಿ ಫೋನಿನಲ್ಲಿ ಮಾತಾಡಬಲ್ಲವರಾಗುತ್ತಾರೆ. ಇಲ್ಲಿ ಕೆಲಸಕ್ಕೆ ತೆಗೆದುಕೊಳ್ಳುವಾಗ ಈ ದೇಶದ ಒಬ್ಬರ ಮಾತಿಗೆ ಇರುವ ತೂಕ ಬಹಳ.

ತರಬೇತಿ ಸಾಮಾನ್ಯವಾಗಿ ಚಳಿಗಾಲದ ಮೊದಲೇ ಶುರುವಾಗುತ್ತದೆ. ಅಕ್ಟೋಬರ್ ಹೊತ್ತಿಗೆ ಹೆಸರು ಕೊಟ್ಟಿರಿ.

ಬೇರೆ ಜಾಗಗಳೂ ಇವೆ. ನಾರ್ತ್ ಟೆಕ್ಸಾಸ್ ಫುಡ್ ಬ್ಯಾಂಕ್ ನಿಮ್ಮ ಪ್ಲೇನೋದಲ್ಲೇ ಇದೆ. ಮಗಳ ಸ್ಕೂಲಿನ ಪಿಟಿಎ, ಅಂದರೆ ಪೋಷಕರು-ಶಿಕ್ಷಕರ ಸಂಘ ಇದೆ. ಸ್ಕೂಲಿನವರು ಹಿನ್ನೆಲೆ ಪರಿಶೀಲನೆ ಮಾಡುತ್ತಾರೆ, ಅದಕ್ಕೆ ಗಾಬರಿ ಬೇಡ. ಕನ್ನಡ ಕೂಟಗಳ ಆಸರೆಯಲ್ಲಿ ಅನೇಕ ಊರುಗಳಲ್ಲಿ ವಾರಾಂತ್ಯದ ಕನ್ನಡ ತರಗತಿ ನಡೆಯುತ್ತದೆ, ಪಾಠ ಮಾಡುವವರು ಬಹುತೇಕ ಸ್ವಯಂಸೇವಕರೇ. ಮನಸ್ಸಿದ್ದರೆ ಖಂಡಿತ ಹೋಗಿ, ಮಗಳಿಗೂ ಒಳ್ಳೆಯದು. ಗೌರವಧನ ಅಂತ ಕೊಟ್ಟರೆ ಮಾತ್ರ ತೆಗೆದುಕೊಳ್ಳಬೇಡಿ. ನೀವು ಕೈಯಿಂದ ಹಾಕಿದ ಪಾರ್ಕಿಂಗ್ ಶುಲ್ಕ, ಪುಸ್ತಕದ ಖರ್ಚನ್ನು ವಾಪಸ್ ಪಡೆಯಬಹುದು. ದೇವಸ್ಥಾನದಲ್ಲಿ ಪ್ರಸಾದ ಬಡಿಸುವುದು, ಹಬ್ಬದ ಏರ್ಪಾಡು ಸರಿ. ಆದರೆ ಅಲ್ಲಿನ ಸಂಬಳದ ಅಕೌಂಟೆಂಟ್ ಬಿಟ್ಟುಹೋದರು, ನೀವು ಸ್ವಲ್ಪ ದಿನ ಕೂತುಕೊಳ್ಳಿ ಅಂದರೆ ಒಪ್ಪಬೇಡಿ. ಯಾವುದೇ ಸಂಸ್ಥೆಗೆ ಸೇರುವ ಮೊದಲು ಅದು ನಿಜವಾಗಿ ಧರ್ಮಾರ್ಥ ಸಂಸ್ಥೆಯೇ ಅಂತ ಐಆರ್‌ಎಸ್ ತಾಣದಲ್ಲಿ ಹುಡುಕಿ ನೋಡಿ. ಸ್ವಯಂಸೇವಕಿ ಅಂತ ಒಂದು ಪತ್ರ ಬರೆಸಿಕೊಳ್ಳಿ, ತಾರೀಖು ಮತ್ತು ಗಂಟೆ ಬರೆದಿಡಿ.

ಶಿವಮೊಗ್ಗದ ಒಬ್ಬರು ನನ್ನ ಹತ್ತಿರ ಬಂದಾಗ ನಿಮ್ಮ ಸ್ಥಿತಿಯಲ್ಲೇ ಇದ್ದರು. ಅವರ ಊರಿನ ಲೈಬ್ರರಿಗೆ ಹಣ ಕೂಡಿಸಲು ಹಳೇ ಪುಸ್ತಕ ಮಾರುವ ಒಂದು ಗೆಳೆಯರ ಬಳಗ ಇತ್ತು. ಮೊದಲಿಂದಲೂ ಅಲ್ಲಿ ಯಾರಿಗೂ ಸಂಬಳ ಇಲ್ಲ. ಇವರು ಮೊದಲು ಪುಸ್ತಕ ಜೋಡಿಸಿದರು. ಆಮೇಲೆ ಸಂಜೆ ಗಲ್ಲಾಪೆಟ್ಟಿಗೆ ಎಣಿಸಿ, ಕಾರ್ಡಿನಲ್ಲಿ ಬಂದದ್ದನ್ನು ತಾಳೆ ಹಾಕಿ, ತಿಂಗಳ ಲೆಕ್ಕ ಒಪ್ಪಿಸತೊಡಗಿದರು. ಕಾರ್ಡ್ ಬಂದ ಮೇಲೆ ರೆಸ್ಯೂಮೆಯಲ್ಲಿ "ಲೈಬ್ರರಿಯಲ್ಲಿ ಸಹಾಯ" ಅಂತ ಒಂದು ಸಾಲು ಬರೆದುಕೊಂಡು ಬಂದಿದ್ದರು. ಅದನ್ನು ತೆಗೆಸಿದೆ. ಮಾರಾಟದ ದಿನದ ನಗದು ತಾಳೆ, ಬ್ಯಾಂಕ್ ಹೊಂದಾಣಿಕೆ, ಆಡಳಿತ ಮಂಡಳಿಗೆ ತಿಂಗಳ ವರದಿ ಅಂತ ಮಾಡಿದ್ದನ್ನೇ ಬರೆಸಿದೆ, ಪಕ್ಕದಲ್ಲಿ ಸ್ವಯಂಸೇವೆ ಅಂತ ಸ್ಪಷ್ಟವಾಗಿ ಹಾಕಿಸಿದೆ. ಬಳಗದ ಖಜಾಂಚಿ ಶಿಫಾರಸು ಪತ್ರ ಕೊಟ್ಟರು. ಸ್ಕೂಲ್ ಡಿಸ್ಟ್ರಿಕ್ಟಿನ ಬಿಲ್ ಪಾವತಿ ವಿಭಾಗದಲ್ಲಿ ಅವರಿಗೆ ಮೊದಲ ಕೆಲಸ ಸಿಕ್ಕಿತು.

ಓದುವುದಕ್ಕೆ ಎಚ್-4ರಲ್ಲಿ ಯಾವ ತಡೆಯೂ ಇಲ್ಲ, ಪೂರ್ತಿ ಹೊತ್ತಿನ ಡಿಗ್ರಿಯಾದರೂ ಸರಿ. ಹತ್ತಿರದ ಕಾಲಿನ್ ಕಾಲೇಜಿನಂಥ ಕಮ್ಯುನಿಟಿ ಕಾಲೇಜಿನಲ್ಲಿ ಶುಲ್ಕ ವಿಶ್ವವಿದ್ಯಾಲಯಕ್ಕಿಂತ ಬಹಳ ಕಡಿಮೆ. ಸ್ಥಳೀಯರ ದರ ನಿಮಗೆ ಸಿಗುತ್ತದಾ ಅಂತ ಕೇಳಿ. ನಿಮಗೆ ಈಗ ಬೇಕಾದ್ದು ಇನ್ನೊಂದು ಡಿಗ್ರಿಯಲ್ಲ. ಕ್ವಿಕ್‌ಬುಕ್ಸ್, ಇಲ್ಲಿನ ಪೇರೋಲ್, ಇಲ್ಲಿನ ಲೆಕ್ಕಪತ್ರದ ನಿಯಮ, ಇಷ್ಟು. ಟ್ಯಾಲಿ ಬಲ್ಲವರಿಗೆ ಕ್ವಿಕ್‌ಬುಕ್ಸ್ ಕಷ್ಟವಲ್ಲ.

ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಯಿಸಿಕೊಂಡು ಮಾಸ್ಟರ್ಸ್ ಮಾಡಿದರೆ ಓದು ಮುಗಿದ ಮೇಲೆ ಒಪಿಟಿ ಅಂತ 12 ತಿಂಗಳು ಕೆಲಸ ಮಾಡಬಹುದು. ಆದರೆ ಅದಕ್ಕೆ ತಗಲುವ ದುಡ್ಡು ಸಣ್ಣದಲ್ಲ, ಆ ವರ್ಷ ಮುಗಿದ ಮೇಲೆ ಮತ್ತೆ ಎಚ್-1ಬಿ ಪ್ರಶ್ನೆಯೇ ಎದುರಾಗುತ್ತದೆ. ಸಾಲ ಮಾಡಿ ಈ ದಾರಿ ಹಿಡಿಯಬೇಡಿ.

ನಿಮ್ಮ ಸ್ವಂತ ಎಚ್-1ಬಿ ಬಗ್ಗೆ ಮಾತ್ರ ಗಂಭೀರವಾಗಿ ಯೋಚಿಸಿ. ಮೂರು ವರ್ಷದ ಬಿ.ಕಾಂ. ಒಂದನ್ನೇ ಇಲ್ಲಿ ನಾಲ್ಕು ವರ್ಷದ ಡಿಗ್ರಿಗೆ ಸಮ ಅಂತ ಒಪ್ಪುವುದು ಕಷ್ಟ. ನಿಮ್ಮ ಎಂ.ಕಾಂ. ಆ ಕೊರತೆ ತುಂಬುತ್ತದೆ. ಡಿಗ್ರಿಗಳ ಮೌಲ್ಯಮಾಪನ ಈಗಲೇ ಮಾಡಿಸಿ, ಮಾರ್ಕ್ಸ್ ಕಾರ್ಡುಗಳನ್ನು ದಾವಣಗೆರೆಯಿಂದ ತರಿಸುವುದೇ ತಿಂಗಳ ಕೆಲಸ. ಸಾಮಾನ್ಯ ಕಂಪನಿಯ ಮೂಲಕ ಹೋದರೆ ವರ್ಷಕ್ಕೆ 85,000 ವೀಸಾಗಳಿಗೆ ಲಾಟರಿ. 2026ರಿಂದ ಹೆಚ್ಚು ಸಂಬಳದ ಮಟ್ಟದವರಿಗೆ ಲಾಟರಿಯಲ್ಲಿ ಹೆಚ್ಚು ಅವಕಾಶ, ಹಾಗಾಗಿ ಹೊಸಬರಿಗೆ ಇನ್ನಷ್ಟು ಕಷ್ಟ. ಆದರೆ ವಿಶ್ವವಿದ್ಯಾಲಯಗಳಿಗೆ, ಅವುಗಳ ಜೊತೆ ಸೇರಿದ ಧರ್ಮಾರ್ಥ ಆಸ್ಪತ್ರೆಗಳಿಗೆ, ಲಾಭಕ್ಕಲ್ಲದ ಸಂಶೋಧನಾ ಸಂಸ್ಥೆಗಳಿಗೆ ಈ ಲಾಟರಿ ಇಲ್ಲ. ವರ್ಷದ ಯಾವ ತಿಂಗಳಲ್ಲಾದರೂ ಅರ್ಜಿ ಹಾಕಬಹುದು. ನಿಮಗೆ ಹತ್ತಿರವೇ ರಿಚರ್ಡ್‌ಸನ್‌ನಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಡಲ್ಲಾಸ್ ಕ್ಯಾಂಪಸ್ ಇದೆ, ಡಲ್ಲಾಸ್‌ನಲ್ಲಿ ಸದರ್ನ್ ಮೆಥಡಿಸ್ಟ್ ಇದೆ. ಸಂಶೋಧನಾ ಅನುದಾನದ ಲೆಕ್ಕ ನೋಡುವ ಕೆಲಸಗಳು ಇಂಥ ಕಡೆ ಇರುತ್ತವೆ. ಎಲ್ಲ ಹುದ್ದೆಗೂ ವೀಸಾ ಕೊಡುವುದಿಲ್ಲ, ಕೇಳಬೇಕು.

2025ರ ಸೆಪ್ಟೆಂಬರ್‌ನಲ್ಲಿ ಬಂದ 1,00,000 ಡಾಲರ್ ಶುಲ್ಕದ ಸುದ್ದಿ ನಿಮ್ಮನ್ನು ಹೆದರಿಸಿರಬಹುದು. ಅಮೆರಿಕದ ಒಳಗಿದ್ದುಕೊಂಡೇ ಎಚ್-4ರಿಂದ ಎಚ್-1ಬಿಗೆ ಬದಲಾಯಿಸಿಕೊಳ್ಳುವವರಿಗೆ ಅದು ಅನ್ವಯಿಸುವುದಿಲ್ಲ ಅಂತ ವಲಸೆ ಇಲಾಖೆ ಮರುತಿಂಗಳೇ ಸ್ಪಷ್ಟಪಡಿಸಿತು. ಅರ್ಜಿ ಬಾಕಿ ಇರುವಾಗ ಊರಿಗೆ ಹೋಗಿಬಂದರೆ ಮಾತ್ರ ಆ ವಿನಾಯಿತಿ ಕೈತಪ್ಪುತ್ತದೆ. ಇಂಥ ನಿಯಮಗಳು ಈಗ ಬೇಗ ಬೇಗ ಬದಲಾಗುತ್ತಿವೆ, ಅರ್ಜಿ ಹಾಕುವ ವಾರ ಮತ್ತೊಮ್ಮೆ ನೋಡಿಕೊಳ್ಳಿ.

ಇನ್ನು ನೀವು ಆಗಲೇ ಮಾಡಿಕೊಟ್ಟ ಆ ಎರಡು ವಾರಾಂತ್ಯದ ಕೆಲಸ. ಅದನ್ನು ಇಲ್ಲಿಗೇ ನಿಲ್ಲಿಸಿ. ಯಾವ ಯಾವ ದಿನ, ಏನು ಮಾಡಿದಿರಿ ಅಂತ ಒಂದು ಹಾಳೆಯಲ್ಲಿ ಬರೆದಿಡಿ. ಅವರು ಆಮೇಲೆ ಪ್ರೀತಿಯಿಂದ ಏನಾದರೂ ಕೊಡಲು ಬಂದರೂ ತೆಗೆದುಕೊಳ್ಳಬೇಡಿ. ನಾಲ್ಕು ದಿನದ ವಿಷಯಕ್ಕೆ ನಿದ್ದೆ ಕೆಡಿಸಿಕೊಳ್ಳುವ ಅಗತ್ಯ ಇಲ್ಲ, ಆದರೆ ಮರೆತುಬಿಡುವುದೂ ಬೇಡ. ಎಚ್-4 ವಿಸ್ತರಣೆಗೆ ಮೊದಲು ಒಬ್ಬ ವಲಸೆ ವಕೀಲರನ್ನು ನೋಡಿ ಅವರಿಗೆ ಆ ಹಾಳೆ ತೋರಿಸಿ. ಯಜಮಾನರ ಕಂಪನಿಯ ವಕೀಲರು ಮೊದಲು ನೋಡುವುದು ಕಂಪನಿಯ ಹಿತ. ನಿಮ್ಮ ಹಿತ ನೋಡುವವರು ಬೇರೆಯೇ ಇರಲಿ. ಬಹುತೇಕರು ಅರ್ಧ ಗಂಟೆ, ಒಂದು ಗಂಟೆಯ ಸಲಹೆಗೆ ಇಷ್ಟು ಅಂತ ಶುಲ್ಕ ಮೊದಲೇ ಹೇಳುತ್ತಾರೆ. ಹೋಗುವಾಗ ಇಬ್ಬರೂ ದೇಶದೊಳಗೆ ಬಂದ ದಾಖಲೆಯಾದ ಐ-94, ಹಿಂದಿನ ವಿಸ್ತರಣೆಯ ಪತ್ರ, ಎಂ.ಕಾಂ. ಸರ್ಟಿಫಿಕೇಟ್ ಜೊತೆಗೆ ಒಯ್ಯಿರಿ. ಆ ಒಂದೇ ಭೇಟಿಯಲ್ಲಿ ವಿಶ್ವವಿದ್ಯಾಲಯದ ಎಚ್-1ಬಿ ನಿಮಗೆ ಹೊಂದುತ್ತದಾ ಅಂತಲೂ ಕೇಳಿಕೊಂಡು ಬನ್ನಿ.